ಐದು ಸಾಲಾನೂ ಒಂದು ಮಾಡಬೇಡಿ, ಎರಡು ಸಾಕು

ಓದುಗರ ಪತ್ರ: "ನಾವು ದಾವಣಗೆರೆ ನಿಟ್ಟುವಳ್ಳಿಯವರು. ಯಜಮಾನರಿಗೆ ಬಟ್ಟೆ ಅಂಗಡೀಲಿ ಕೆಲಸ, 19,000 ಸಂಬಳ. ನಾನು ಮನೇಲೇ ಬ್ಲೌಸ್ ಹೊಲೀತೀನಿ, 11,000 ಬರುತ್ತೆ. ಬಾಡಿಗೆ 6,500, ಮನೆ ಖರ್ಚು 11,500. ಸಾಲ ಹೀಗಿದೆ: ಕ್ರೆಡಿಟ್ ಕಾರ್ಡ್ 92,000, ಆ್ಯಪ್ ಸಾಲ 28,000, ಡೈಲಿ ಫೈನಾನ್ಸ್ ಇನ್ನೂ 14,000, ಮಹಿಳಾ ಸಂಘದ ಮೈಕ್ರೋ ಫೈನಾನ್ಸ್ 31,000, ನಮ್ಮಣ್ಣನ ಹತ್ರ ಕೈಸಾಲ 40,000. ತಿಂಗಳಿಗೆ 17,250 ಕಂತಿಗೇ ಹೋಗುತ್ತೆ. ಈಗ ಒಂದು ಫೈನಾನ್ಸ್‌ನವರು 2,10,000 ಕೊಡ್ತೀವಿ, ಎಲ್ಲಾ ತೀರಿಸಿಬಿಡಿ, ತಿಂಗಳಿಗೆ 5,950ರಂತೆ ಐದು ವರ್ಷ ಕಟ್ಟಿ ಅಂತಿದ್ದಾರೆ. ಬಡ್ಡಿ 14 ಪರ್ಸೆಂಟ್ ಫ್ಲಾಟ್. ಫೀಸು, ಇನ್ಶೂರೆನ್ಸ್ ಅಂತ 10,000 ಮೊದಲೇ ಮುರ್ಕೋತಾರಂತೆ. ತಗೊಳ್ಳಲಾ? ಮದುವೇಲಿ ಹಾಕಿದ 25 ಗ್ರಾಂ ಸರ ಇದೆ, ಅದನ್ನ ಮುಟ್ಟೋಕೆ ಮನಸ್ಸಿಲ್ಲ. ಆ್ಯಪ್ ಸಾಲದ ವಿಷಯ ಯಜಮಾನರಿಗೆ ಗೊತ್ತಿಲ್ಲ. ಕಂತು ಒಂದಿನ ತಡ ಆದ್ರೆ ಆ್ಯಪ್‌ನವರು ನಾದಿನಿಗೆಲ್ಲ ಫೋನ್ ಮಾಡ್ತಾರೆ. ಹೆಸರು ಹಾಕಬೇಡಿ."

ಸಂಪಾದಕರ ಉತ್ತರ:

ಹೆಸರು ಹಾಕಿಲ್ಲ. ಆ 2,10,000 ತಗೋಬೇಡಿ.

17,250 ಕಟ್ಟುವವರಿಗೆ 5,950 ಅಂದರೆ ಸ್ವರ್ಗ ಕಂಡ ಹಾಗೆ ಆಗುತ್ತದೆ, ಒಪ್ಪುತ್ತೇನೆ. ಆದರೆ 5,950ನ್ನು 60 ಕಂತಿಗೆ ಗುಣಿಸಿ ನೋಡಿ. 3,57,000 ಆಗುತ್ತದೆ. ಅಂದರೆ ಬಡ್ಡಿಯೇ 1,47,000. ಫ್ಲಾಟ್ ಅಂದರೆ ನೀವು ತಿಂಗಳು ತಿಂಗಳು ಅಸಲು ತೀರಿಸುತ್ತಾ ಬಂದರೂ ಕೊನೇ ಕಂತಿನವರೆಗೆ ಪೂರ್ತಿ 2,10,000ಕ್ಕೇ ಬಡ್ಡಿ ಹಾಕುವುದು. ಐದನೇ ವರ್ಷ ನಿಮ್ಮ ಹತ್ತಿರ ಅವರ ದುಡ್ಡು ಉಳಿದಿರೋದು ಸ್ವಲ್ಪವೇ, ಬಡ್ಡಿ ಮಾತ್ರ ಮೊದಲ ದಿನದಷ್ಟೇ. ಉಳಿದ ಅಸಲಿಗಷ್ಟೇ ಬಡ್ಡಿ ಹಾಕುವ ಬ್ಯಾಂಕಿನ ಲೆಕ್ಕಕ್ಕೆ ತಂದರೆ ಈ 14 ಪರ್ಸೆಂಟ್ 23 ಆಗುತ್ತದೆ, ಮೊದಲೇ ಮುರಿದುಕೊಳ್ಳುವ 10,000 ಸೇರಿಸಿದರೆ 25 ದಾಟುತ್ತದೆ. ಇನ್ನೊಂದು ತಮಾಷೆ ನೋಡಿ. ನಿಮ್ಮ ಐದೂ ಸಾಲ ಸೇರಿ 2,05,000, ಅವರು ಕೈಗೆ ಕೊಡೋದು 2,00,000. ಎಲ್ಲಾ ತೀರಿಸಿಬಿಡಿ ಅಂದವರ ದುಡ್ಡಿನಲ್ಲಿ ಎಲ್ಲಾ ತೀರುವುದೂ ಇಲ್ಲ!

ಯಾವ ಸಂಸ್ಥೆಯೇ ಇರಲಿ, ಸಹಿ ಹಾಕುವ ಮೊದಲು ಸಾಲದ ಮುಖ್ಯ ವಿವರಗಳ ಪತ್ರ, ಅಂದರೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೊಡಿ ಅಂತ ಕೇಳಿ. ರಿಸರ್ವ್ ಬ್ಯಾಂಕ್ 2024ರ ಅಕ್ಟೋಬರ್‌ನಿಂದ ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳಿಗೆ, ಸಾಮಾನ್ಯ ಜನರಿಗೆ ಕೊಡುವ ಸಾಲಕ್ಕೆಲ್ಲ ಇದನ್ನು ಕಡ್ಡಾಯ ಮಾಡಿದೆ. ಅದರಲ್ಲಿ ಎಪಿಆರ್ ಅಂತ ಒಂದು ಸಂಖ್ಯೆ ಇರುತ್ತದೆ. ಬಡ್ಡಿ, ಫೀಸು ಎಲ್ಲಾ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತದೆ ಅನ್ನೋದು ಅದು. ಆ ಸಂಖ್ಯೆ ತೋರಿಸೋಕೆ ಮೀನಮೇಷ ಎಣಿಸಿದರೆ ಎದ್ದು ಬನ್ನಿ.

ಈಗ ನಿಮ್ಮ ಸಾಲಗಳನ್ನು ಒಂದೊಂದಾಗಿ ನೋಡೋಣ. ಐದೂ ಒಂದೇ ಥರ ಅಲ್ಲ, ಅದಕ್ಕೇ ಐದಕ್ಕೂ ಒಂದೇ ಔಷಧ ಸರಿಹೋಗಲ್ಲ.

ಮೊದಲನೇದು ಕಾರ್ಡು. ಬಿಲ್ಲಿನಲ್ಲಿ ಬರುವ ಮಿನಿಮಮ್ ಡ್ಯೂ, ಅಂದರೆ ಕನಿಷ್ಠ ಕಟ್ಟಲೇಬೇಕಾದ 4,600ನ್ನು ತಪ್ಪದೆ ಕಟ್ಟುತ್ತಿದ್ದೀರಿ. ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ ಅಂತ ಹಿಡಿದರೆ 92,000ಕ್ಕೆ 3,220 ಬಡ್ಡಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 580. ಎರಡೂ ಸೇರಿ 3,800. ನೀವು ಕಟ್ಟಿದ 4,600ರಲ್ಲಿ ಅಸಲಿಗೆ ಹೋಗಿದ್ದು 800 ರೂಪಾಯಿ! ಅಷ್ಟರಲ್ಲಿ ರೇಷನ್ನಿಗೆ ಅಂತ ಅದೇ ಕಾರ್ಡು ಉಜ್ಜಿದರೆ, ಬಾಕಿ ಉಳಿಸಿಕೊಂಡವರಿಗೆ 45–50 ದಿನದ ಬಡ್ಡಿ ಇಲ್ಲದ ಅವಧಿ ಸಿಗುವುದೇ ಇಲ್ಲ, ಉಜ್ಜಿದ ದಿನದಿಂದಲೇ ಬಡ್ಡಿ ಓಡುತ್ತದೆ. ಆ್ಯಪ್ ಸಾಲವೂ ಇದೇ ಜಾತಿ, ತಿಂಗಳಿಗೆ 3 ಪರ್ಸೆಂಟ್ ಅಂದರೆ ವರ್ಷಕ್ಕೆ 36. ಇವೆರಡನ್ನೂ ಮೊದಲು ಮುಗಿಸಬೇಕು.

ಡೈಲಿ ಫೈನಾನ್ಸ್ ಕಥೆ ಬೇರೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

20,000 ಅಂತ ಬರೆಸಿಕೊಂಡು 17,000 ಕೈಗೆ ಕೊಟ್ಟು, ದಿನಕ್ಕೆ 200ರಂತೆ 100 ದಿನ ವಸೂಲಿ ಮಾಡುತ್ತಾರೆ ಅಂತ ಪತ್ರದ ಹಿಂದಿನ ಚೀಟಿಯಲ್ಲಿ ಬರೆದಿದ್ದೀರಿ. 3,000 ತಾನೇ ಅನ್ನಿಸುತ್ತೆ. ಆದರೆ ಅದು ವರ್ಷದ ಬಡ್ಡಿ ಅಲ್ಲ, ಮೂರು ತಿಂಗಳು ಚಿಲ್ಲರೆಯದ್ದು, ಅದೂ ದಿನಾ ಅಸಲು ವಾಪಸ್ ಕೊಡುತ್ತಾ. ಲೆಕ್ಕ ಹಾಕಿದರೆ ವರ್ಷಕ್ಕೆ 120 ಪರ್ಸೆಂಟ್ ಆಸುಪಾಸು ಬೀಳುತ್ತದೆ. ಹಾಗಿದ್ದರೆ ಮೊದಲು ಇದನ್ನೇ ತೀರಿಸಬೇಕಲ್ವಾ ಅಂತ ಯಾರಾದರೂ ಹೇಳುತ್ತಾರೆ. ತೀರಿಸಬೇಡಿ. ಯಾಕೆಂದರೆ ಬಡ್ಡಿಯನ್ನು ಅವರು ಮೊದಲ ದಿನವೇ ಮುರಿದುಕೊಂಡಾಗಿದೆ. ಉಳಿದ 14,000ವನ್ನು ಇವತ್ತೇ ಕಟ್ಟಿದರೂ 14,000, ಇನ್ನು 70 ದಿನದಲ್ಲಿ ಕಟ್ಟಿದರೂ 14,000. ಸಾಲ ಮಾಡಿ ಮುಂಚೆ ಕಟ್ಟಿದರೆ ಲಾಭ ಅವರಿಗೆ. "ಈಗಲೇ ಪೂರ್ತಿ ಕಟ್ತೀವಿ, ಎಷ್ಟು ಬಿಡ್ತೀರಿ" ಅಂತ ಒಂದು ಮಾತು ಕೇಳಿ. ಸಾವಿರ ಒಂದೂವರೆ ಸಾವಿರ ಬಿಟ್ಟರೆ ಯೋಚನೆ ಮಾಡಿ, ಇಲ್ಲಾಂದ್ರೆ ದಿನಕ್ಕೆ 200 ಕೊಡುತ್ತಾ ಮುಗಿಸಿ. ನಿಜವಾದ ಕೆಲಸ ಇರೋದು 71ನೇ ದಿನ: ಮತ್ತೆ ತಗೋಬಾರದು.

ಪ್ರತಿ ಸಲ ಮುಗಿದ ಕೂಡಲೇ ಮತ್ತೆ ಯಾಕೆ ತಗೋತೀರಿ ಗೊತ್ತಾ? 30,000 ಆದಾಯದಲ್ಲಿ 17,250 ಕಂತು, 6,500 ಬಾಡಿಗೆ ಹೋದರೆ ಉಳಿಯೋದು 6,250. ಮನೆ ಖರ್ಚು 11,500. ತಿಂಗಳಿಗೆ 5,250 ಕೊರತೆ. 100 ದಿನಕ್ಕೆ ಅದು 17,500. ಡೈಲಿಯವರು ನಿಮ್ಮ ಕೈಗೆ ಕೊಡೋದು 17,000! ನಿಮ್ಮ ಕೊರತೆಯನ್ನು ಆ ಸಾಲ ತುಂಬುತ್ತಿದೆ, ಆ ಸಾಲದ 6,000 ಕಂತಿನಿಂದಲೇ ಕೊರತೆ ಮತ್ತೆ ಬೀಳುತ್ತಿದೆ. ನೀವು ದುಂದು ಮಾಡುತ್ತಿದ್ದೀರಿ ಅಂತ ನನಗೆ ಅನ್ನಿಸಲಿಲ್ಲ. 11,500ರಲ್ಲಿ ನಾಲ್ಕು ಜನ ಊಟ ಮಾಡಿ, ಇಬ್ಬರು ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿನ್ನೋದು ಬಿಡಿ ಅಂತ ಉಪದೇಶ ಮಾಡುವವರ ಮಾತಿಗೆ ಕಿವಿ ಕೊಡಬೇಡಿ, ಅದರಿಂದ 5,250 ಉಳಿಯಲ್ಲ.

ಇನ್ನು ಸರದ ವಿಷಯ. ನಿಮ್ಮ ಮನಸ್ಸು ಅರ್ಥವಾಗುತ್ತದೆ. ಆದರೆ ಮಾರಿ ಅಂತ ಹೇಳುತ್ತಿಲ್ಲ, ಅಡ ಇಡಿ ಅಂತಿದ್ದೇನೆ, ಅದೂ ಬ್ಯಾಂಕಿನಲ್ಲಿ. ಕಾರ್ಡಿನ 92,000, ಆ್ಯಪಿನ 28,000, ಜೊತೆಗೆ ಡೈಲಿ ಮುಗಿಯುವ ತನಕದ ಕೊರತೆಗೆ 5,000. ಒಟ್ಟು 1,25,000. 25 ಗ್ರಾಂಗೆ ಇವತ್ತಿನ ದರದಲ್ಲಿ ಇಷ್ಟು ಧಾರಾಳವಾಗಿ ಸಿಗುತ್ತದೆ. ಬಡ್ಡಿ 10 ಪರ್ಸೆಂಟ್ ಅಂತ ಇಟ್ಟುಕೊಂಡು 24 ಕಂತು ಮಾಡಿದರೆ ತಿಂಗಳಿಗೆ ಸುಮಾರು 5,770. ಎರಡು ವರ್ಷಕ್ಕೆ ಒಟ್ಟು ಬಡ್ಡಿ ಹತ್ತಿರ ಹತ್ತಿರ 13,500. ಆ ಕಡೆ 1,47,000 ಇತ್ತು. ಸಾಲ ದೊಡ್ಡದು, ಅವಧಿ ಉದ್ದ, ಅದಕ್ಕೆ ನೇರ ಹೋಲಿಕೆ ಸರಿಯಲ್ಲ ಅಂತ ಯಾರಾದರೂ ಹೇಳಬಹುದು, ನಿಜವೇ. ಆದರೆ ಆ ಉದ್ದ, ಆ ದೊಡ್ಡದು ನಿಮಗೆ ಬೇಕಾಗಿಯೇ ಇರಲಿಲ್ಲ.

ಬ್ಯಾಂಕಿನಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಿ: "ತಿಂಗಳ ಕಂತಿನ ಗೋಲ್ಡ್ ಲೋನ್ ಕೊಡಿ." ಸುಮ್ನೆ ಇದ್ದರೆ ವರ್ಷದ ಕೊನೆಗೆ ಒಟ್ಟಿಗೆ ಕಟ್ಟುವ ಸಾಲ ಕೊಟ್ಟುಬಿಡುತ್ತಾರೆ. ವರ್ಷದ ಕೊನೆಗೆ 1,25,000 ಒಟ್ಟಿಗೆ ಯಾರ ಹತ್ತಿರ ಇರುತ್ತೆ? ಬಡ್ಡಿ ಮಾತ್ರ ಕಟ್ಟಿ ರಿನ್ಯೂವಲ್ ಮಾಡಿಸೋದು, ಮುಂದಿನ ವರ್ಷ ಮತ್ತೆ ಅದೇ, ಕೊನೆಗೊಂದು ದಿನ ಹರಾಜಿನ ನೋಟಿಸ್. ನಮ್ಮ ಕಡೆ ಸರ ಹೋಗೋದು ಹೆಚ್ಚಾಗಿ ಹೀಗೇ. ಕಂತು ಕಟ್ಟೋ ಸಾಲ ಸಿಗದಿದ್ದರೆ, ಅದೇ ಖಾತೆಗೆ ತಿಂಗಳು ತಿಂಗಳು ನೀವೇ ಅಸಲು ಜಮಾ ಮಾಡಬಹುದಾ ಅಂತ ಕೇಳಿ ಖಚಿತ ಮಾಡಿಕೊಳ್ಳಿ.

ಸಂಘದ ಸಾಲ 24 ಪರ್ಸೆಂಟ್, ಅದನ್ನೂ ಚಿನ್ನದ ಸಾಲದಲ್ಲೇ ತೀರಿಸಬಹುದಲ್ವಾ ಅಂದರೆ, ಲೆಕ್ಕದಲ್ಲಿ ತೀರಿಸಬಹುದು. ನಾನಾದರೆ ಬಿಡುತ್ತೇನೆ. 2,450ರಂತೆ ಇನ್ನು 15 ಕಂತಿಗೆ ಅದು ತಾನಾಗಿ ಮುಗಿಯುತ್ತದೆ. ಸರದ ಮೇಲೆ ಸಿಗುವ ಪೂರ್ತಿ ದುಡ್ಡು ಈಗಲೇ ತಗೊಂಡುಬಿಟ್ಟರೆ, ನಾಳೆ ಆಸ್ಪತ್ರೆ ಖರ್ಚು ಅಂತ ಬಂದಾಗ ಮತ್ತೆ ಡೈಲಿಯವನ ಬಾಗಿಲಿಗೇ ಹೋಗಬೇಕಾಗುತ್ತದೆ. ಇನ್ನು ಅಣ್ಣನ 40,000ಕ್ಕೆ ಬಡ್ಡಿಯೇ ಇಲ್ಲ. ಅದನ್ನು ತೀರಿಸೋಕೆ 25 ಪರ್ಸೆಂಟ್ ಸಾಲ ತರುವುದು ಯಾವ ನ್ಯಾಯ? ಅಣ್ಣನಿಗೆ ಫೋನ್ ಮಾಡಿ, ಮೂರು ತಿಂಗಳು ಬಿಟ್ಟು ತಿಂಗಳಿಗೆ ಸಾವಿರ ಕಳಿಸ್ತೀನಿ ಅಂತ ಹೇಳಿ. ಅವರಿಗೆ ದುಡ್ಡಿಗಿಂತ ನಿಮ್ಮ ಫೋನ್ ಬರದಿರೋದೇ ಬೇಜಾರಾಗಿರುತ್ತೆ.

ತಿಂಗಳ ಲೆಕ್ಕ ಹೀಗಾಗುತ್ತದೆ. ಮೊದಲ 70 ದಿನ ಚಿನ್ನದ ಸಾಲ 5,770, ಸಂಘ 2,450, ಡೈಲಿ 6,000, ಬಾಡಿಗೆ 6,500. ಉಳಿಯೋದು 9,280. ಮನೆ ಖರ್ಚಿಗೆ ಎರಡು ಸಾವಿರ ಚಿಲ್ಲರೆ ಕಮ್ಮಿ ಬೀಳುತ್ತದೆ, ಆ 5,000 ಇಟ್ಟಿದ್ದು ಅದಕ್ಕೇ. ಡೈಲಿ ಮುಗಿದ ಮೇಲೆ ಬಾಡಿಗೆ, ಕಂತು, ಮನೆ ಖರ್ಚು ಎಲ್ಲಾ ಕಳೆದು 3,780 ಮಿಗುತ್ತದೆ. ಅದರಲ್ಲಿ ಅಣ್ಣನಿಗೆ 1,000. ಜೂನ್ ತಿಂಗಳ ಶಾಲೆ ಫೀಸಿಗೆ ಬ್ಯಾಂಕಿನಲ್ಲಿ 1,500ರ ಆರ್‌ಡಿ. ದುಗ್ಗಮ್ಮನ ಜಾತ್ರೆಗೆ 500. ನಗಬೇಡಿ! ಕಾರ್ಡಿನ ಸಾಲ ಶುರುವಾಗಿದ್ದೇ ಜಾತ್ರೆಗೆ ನೆಂಟರು ಬಂದಾಗ ಅಂತ ನೀವೇ ಬರೆದಿದ್ದೀರಿ. ಜಾತ್ರೆ ಬರೋದು ಎರಡು ವರ್ಷಕ್ಕೊಮ್ಮೆ, ಮೊದಲೇ ಗೊತ್ತಿರೋ ಖರ್ಚು ಅದು. ತಿಂಗಳಿಗೆ 500 ಅಂದರೆ 12,000 ಕೈಯಲ್ಲಿರುತ್ತೆ, ಅಷ್ಟರಲ್ಲಿ ಆಗುವಷ್ಟೇ ಬಾಡೂಟ. ಉಳಿದ 780 ಆಪತ್ತಿಗೆ.

ಹೊಲಿಗೆ ಆದಾಯ ಆಷಾಢದಲ್ಲಿ ಇಳಿಯುತ್ತದೆ, ಗೌರಿ ಹಬ್ಬಕ್ಕೆ, ದೀಪಾವಳಿಗೆ, ಮದುವೆ ಸೀಸನ್‌ಗೆ ಏರುತ್ತದೆ. 11,000ಕ್ಕಿಂತ ಜಾಸ್ತಿ ಬಂದ ತಿಂಗಳು ಆ ಜಾಸ್ತಿಯನ್ನು ಬೇರೆ ಖಾತೆಗೆ ಹಾಕಿ, ಆಷಾಢಕ್ಕೆ ಬೇಕಾಗುತ್ತದೆ. ಗೃಹಲಕ್ಷ್ಮಿ ಹಣವನ್ನು ಆದಾಯದ ಲೆಕ್ಕಕ್ಕೆ ಹಿಡಿಯಬೇಡಿ. ಬಂದರೆ ನೇರ ಚಿನ್ನದ ಸಾಲಕ್ಕೆ ಕಟ್ಟಿ.

ಕಾರ್ಡು ತೀರಿಸಿದ ಮೇಲೆ ಸೀದಾ ರದ್ದು ಮಾಡಿಸಿ. ಬಾಕಿ ಇಲ್ಲದಿದ್ದರೆ 7 ಕೆಲಸದ ದಿನದೊಳಗೆ ಮುಚ್ಚಬೇಕು, ತಡ ಮಾಡಿದರೆ ದಿನಕ್ಕೆ 500 ರೂಪಾಯಿ ನಿಮಗೇ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಕಷ್ಟಕ್ಕೆ ಇರಲಿ ಅಂತ ಡ್ರಾಯರ್‌ನಲ್ಲಿ ಇಟ್ಟರೆ ಆರು ತಿಂಗಳಿಗೆ ಚಿನ್ನದ ಸಾಲವೂ ಇರುತ್ತೆ, ಕಾರ್ಡಿನ ಸಾಲವೂ ಇರುತ್ತೆ. ಎಲ್ಲಾ ಸಾಲ ಒಂದು ಮಾಡಲು ಹೋದ ಎಷ್ಟೋ ಜನ ಎಡವೋದು ಇಲ್ಲೇ. ಮತ್ತೆ, ಕಾರ್ಡಿನವರು ಅಷ್ಟು ಕಡಿಮೆ ಮಾಡಿ ಸೆಟ್ಲ್‌ಮೆಂಟ್ ಮಾಡ್ತೀವಿ ಅಂದರೆ ಬೇಡ ಅನ್ನಿ. ಸಾಲದ ದಾಖಲೆ ಇಡುವ ಸಿಬಿಲ್‌ನಲ್ಲಿ "ಸೆಟಲ್ಡ್" ಅಂತ ಬೀಳುತ್ತದೆ, ಮುಂದೆ ಮಕ್ಕಳ ಓದಿಗೆ ಸಾಲ ಕೇಳಿದಾಗ ಬ್ಯಾಂಕಿನವರು ಅದನ್ನೇ ಎತ್ತಿ ತೋರಿಸುತ್ತಾರೆ.

ಆ್ಯಪ್‌ನವರು ನಾದಿನಿಗೆ ಫೋನ್ ಮಾಡೋದು ನಿಯಮಕ್ಕೆ ವಿರುದ್ಧ. ಸಾಲದ ಆ್ಯಪ್‌ಗಳು ಫೋನಿನ ಕಾಂಟ್ಯಾಕ್ಟ್ ಪಟ್ಟಿಗೆ ಕೈ ಹಾಕುವಂತಿಲ್ಲ. ವಸೂಲಿಗೆ ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಫೋನ್ ಮಾಡುವಂತಿಲ್ಲ. ಮೈಕ್ರೋ ಫೈನಾನ್ಸ್‌ಗಾದರೆ 9ರಿಂದ 6. ಬಂದ ಕರೆಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಮೊದಲು ಆ ಕಂಪನಿಗೇ ಲಿಖಿತ ದೂರು ಕೊಡಿ, 30 ದಿನದಲ್ಲಿ ಸರಿಯಾಗದಿದ್ದರೆ ರಿಸರ್ವ್ ಬ್ಯಾಂಕಿನಲ್ಲಿ ದೂರು ಬಗೆಹರಿಸುವ ಓಂಬುಡ್ಸ್‌ಮನ್‌ಗೆ. ಸಹಾಯವಾಣಿ 14448. ಡೈಲಿಯವರು ನೋಂದಣಿ ಇಲ್ಲದವರಾಗಿದ್ದು ಮನೆ ಮುಂದೆ ಗಲಾಟೆ ಮಾಡಿದರೆ ಪೊಲೀಸ್ ಠಾಣೆಗೆ ಹೋಗಿ. 2025ರಲ್ಲಿ ನಮ್ಮ ರಾಜ್ಯದಲ್ಲಿ ಇದಕ್ಕೇ ಅಂತ ಕಾಯ್ದೆ ಬಂದಿದೆ, 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ.

ಇದನ್ನು ಓದುತ್ತಿರುವ ಬೇರೆಯವರಲ್ಲಿ ಚಿನ್ನ ಇಲ್ಲದವರೂ ಇರುತ್ತೀರಿ. ನೀವು ಷೇರುದಾರರಾಗಿರುವ ಪತ್ತಿನ ಸಹಕಾರ ಸಂಘದಲ್ಲಿ ಜಾಮೀನು ಸಾಲ ಕೇಳಿ. ಇಲ್ಲವಾದರೆ ಕಾರ್ಡಿನ ಬಾಕಿಯನ್ನೇ ಕಂತು ಮಾಡಿಕೊಡಿ ಅಂತ ಕೇಳಿ, ಬಡ್ಡಿ ಸಾಮಾನ್ಯವಾಗಿ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ.

ಕೊನೇದು, ಯಜಮಾನರ ವಿಷಯ. ಬ್ಯಾಂಕಿಗೆ ಹೋಗುವ ಮೊದಲು ಆ್ಯಪ್ ಸಾಲದ ವಿಷಯ ಅವರಿಗೆ ಹೇಳಿ. ನಾದಿನಿಗೆ ಫೋನ್ ಹೋಗಿದೆ ಅಂದಮೇಲೆ ಅವರಿಗೆ ಅರ್ಧ ಗೊತ್ತೇ ಇರುತ್ತದೆ. ಸಂಬಳದಲ್ಲಿ ಎಷ್ಟು ಎಲ್ಲಿಗೆ ಅಂತ ಇಬ್ಬರೂ ಕೂತು ಬರೆಯದೆ 24 ಕಂತು ತಪ್ಪದೆ ಕಟ್ಟೋಕೆ ಆಗಲ್ಲ. ಆ 2,10,000ದ ಫೈನಾನ್ಸ್‌ನವರಿಗೆ ಈಗಾಗಲೇ ಖಾಲಿ ಚೆಕ್ ಏನಾದರೂ ಕೊಟ್ಟಿದ್ದರೆ ನಾಳೆಯೇ ಇಬ್ಬರೂ ಹೋಗಿ ವಾಪಸ್ ಇಸ್ಕೊಂಡು ಬನ್ನಿ.

— ಸಂಪಾದಕ