ಸ್ಟೋರ್ ರೂಮಿನ 60 ಲ್ಯಾಪ್‌ಟಾಪ್

ಪ್ರಶ್ನೆ: ಮೇಡಂ, ನಾನು ಒಂದು ಕಂಪನಿಯಲ್ಲಿ ಅಡ್ಮಿನ್ ಕೆಲಸ ನೋಡಿಕೊಳ್ಳುತ್ತೇನೆ. ಸ್ಟೋರ್ ರೂಮಿನಲ್ಲಿ 60 ಹಳೇ ಲ್ಯಾಪ್‌ಟಾಪ್, ಎರಡು ಸರ್ವರ್, ಒಂದಷ್ಟು ಮಾನಿಟರ್ ಬಿದ್ದಿವೆ. ಈ ಸಲದ ವಾರ್ಷಿಕ ವರದಿಯಲ್ಲಿ ಪರಿಸರದ ಬಗ್ಗೆ ಒಂದು ಪುಟ ಬೇಕಂತೆ. "ಎಲ್ಲ ರೀಸೈಕಲ್ ಮಾಡಿಸಿ, ಎಷ್ಟು ಕಿಲೋ ಅಂತ ಹಾಕಿ" ಎಂದಿದ್ದಾರೆ ಬಾಸ್. ಗುಜರಿಯವರು ದುಡ್ಡು ಕೊಟ್ಟು ಒಯ್ಯುತ್ತಾರೆ. ರೀಸೈಕ್ಲಿಂಗ್ ಕಂಪನಿಯವರು ನಮ್ಮಿಂದಲೇ ದುಡ್ಡು ಕೇಳುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಆ ಕಿಲೋ ಲೆಕ್ಕ ಬಿಡಿ. ಅದರಲ್ಲಿ ಜಾಸ್ತಿ ಎಸೆದವನೇ ಜಾಣ. ಮೂರು ವರ್ಷಕ್ಕೆ ಲ್ಯಾಪ್‌ಟಾಪ್ ಬದಲಿಸುವ ಕಂಪನಿಯ ಅಂಕಿ, ಆರು ವರ್ಷ ಬಳಸುವ ಕಂಪನಿಯ ಅಂಕಿಯ ಎರಡು ಪಟ್ಟು ಇರುತ್ತದೆ! ನಿಜ ಏನೆಂದರೆ, ಒಂದು ಲ್ಯಾಪ್‌ಟಾಪ್‌ನ ಕಾರ್ಬನ್ ಹೊರೆಯಲ್ಲಿ ದೊಡ್ಡ ಪಾಲು ಅದು ತಯಾರಾಗುವಾಗಲೇ ಆಗಿಹೋಗಿರುತ್ತದೆ. ಆಮೇಲೆ ಎಷ್ಟೇ ಚೆನ್ನಾಗಿ ರೀಸೈಕಲ್ ಮಾಡಿದರೂ ಅದು ವಾಪಸ್ ಬರುವುದಿಲ್ಲ. ಹಾಗಾಗಿ ಆ 60ನ್ನೂ ಒಂದೊಂದಾಗಿ ಆನ್ ಮಾಡಿ ನೋಡಿ. ಬ್ಯಾಟರಿ ಬದಲಿಸಿ, ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ (ಚಿಪ್ಪುಗಳಲ್ಲಿ ಡೇಟಾ ಇಡುವ ಡಿಸ್ಕ್) ಹಾಕಿದರೆ ಎಷ್ಟೋ ಮತ್ತೆ ಓಡುತ್ತವೆ. ನಿಮಗೆ ಬೇಡವಾದರೆ ಡೇಟಾ ಅಳಿಸಿ ಬೇರೆಯವರಿಗೆ ಕೊಡಿ. ಏನೂ ಮಾಡಲಾಗದ್ದು ಮಾತ್ರ ರೀಸೈಕ್ಲಿಂಗ್‌ಗೆ ಹೋಗಲಿ.

ಇನ್ನು ದುಡ್ಡಿನ ವಿಷಯ. ಗುಜರಿಯವರು ಕೊಡುವುದು ತಾಮ್ರಕ್ಕೆ, ಸರ್ಕ್ಯೂಟ್ ಬೋರ್ಡಿಗೆ. ಉಳಿದದ್ದು ಎಲ್ಲೋ ಬೀಳುತ್ತದೆ. ಕೇಬಲ್ ಸುಟ್ಟರೆ ತಾಮ್ರ ಸುಲಭವಾಗಿ ಸಿಗುತ್ತದೆ, ಜೊತೆಗೆ ಡಯಾಕ್ಸಿನ್ ಎಂಬ ವಿಷ ಗಾಳಿಗೆ ಸೇರುತ್ತದೆ. ಹಳೇ ಎಲ್‌ಸಿಡಿ ಮಾನಿಟರ್‌ಗಳ ಒಳಗಿನ ಸಣ್ಣ ದೀಪಗಳಲ್ಲಿ ಪಾದರಸ ಇರುತ್ತದೆ. ಅದನ್ನು ಒಡೆಯದೆ ತೆಗೆಯುವವನಿಗೆ ಕೂಲಿ ಕೊಡಬೇಕು, ಅಲ್ವಾ? ರೀಸೈಕ್ಲಿಂಗ್ ಕಂಪನಿ ಕೇಳುವ ದುಡ್ಡು ಇಂಥ ಕೆಲಸಕ್ಕೆ. ವಿಶ್ವಸಂಸ್ಥೆಯ ವರದಿ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಆಯಿತು. ಸರಿಯಾದ ದಾರಿಯಲ್ಲಿ ರೀಸೈಕಲ್ ಆಗಿದ್ದಕ್ಕೆ ದಾಖಲೆ ಇರುವುದು ಶೇ. 22.3ಕ್ಕೆ ಮಾತ್ರ.

ಆದರೆ ದುಡ್ಡು ಕೇಳಿದವರೆಲ್ಲ ಪ್ರಾಮಾಣಿಕರು ಅಂತಲೂ ಅಲ್ಲ. ನಾನೂ ಒಂದು ಕಂಪನಿಯ ಸ್ಟೋರ್ ನೋಡಿಕೊಂಡವಳೇ. ಒಮ್ಮೆ ಒಂದು ಲಾರಿ ತುಂಬ ಸಾಮಾನು ಕಳಿಸಿದೆವು. ಸೀಲು, ಸಹಿ ಎಲ್ಲ ಇದ್ದ ಚಂದದ ಸರ್ಟಿಫಿಕೇಟ್ ಬಂತು. ಫೈಲಿಗೆ ಹಾಕಿ ಮರೆತೆ. ಏಳೆಂಟು ತಿಂಗಳಾದ ಮೇಲೆ ಯಾರೋ ಅಪರಿಚಿತರ ಫೋನು. ಅವರು ಕೊಂಡ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ನಲ್ಲಿ ನಮ್ಮವರ ಸಂಬಳದ ಪಟ್ಟಿ ಇದೆಯಂತೆ! ಸರ್ಟಿಫಿಕೇಟ್ ತೆಗೆದು ನೋಡಿದೆ. "ಪೂರ್ತಿ ನಾಶ ಮಾಡಲಾಗಿದೆ" ಅಂತಿತ್ತು. ಕೆಳಗೆ ಲಾರಿ ಹೊರಟ ದಿನದ್ದೇ ತಾರೀಕು. ಅಂದರೆ ಅವತ್ತೇ ಒಯ್ದು, ಬಿಚ್ಚಿ, ಪುಡಿ ಮಾಡಿ ಮುಗಿಸಿದ್ದರು! ನಾನು ಅದನ್ನು ಓದಿಯೇ ಇರಲಿಲ್ಲ, ತೂಕ ಮಾತ್ರ ನೋಡಿದ್ದೆ.

ಇದು ಸಣ್ಣವರಿಗಷ್ಟೇ ಆಗುವ ಎಡವಟ್ಟಲ್ಲ. ಅಮೆರಿಕದ ದೊಡ್ಡ ಬ್ಯಾಂಕ್ ಮಾರ್ಗನ್ ಸ್ಟ್ಯಾನ್ಲಿಯ ಒಂದು ಅಂಗಸಂಸ್ಥೆ, ಡೇಟಾ ಅಳಿಸುವ ಅನುಭವವೇ ಇಲ್ಲದ ಸಾಗಣೆ ಕಂಪನಿಗೆ ಹಾರ್ಡ್ ಡಿಸ್ಕ್, ಸರ್ವರ್‌ಗಳನ್ನು ಒಪ್ಪಿಸಿತ್ತು. ಕೆಲವು ಡೇಟಾ ಸಮೇತ ಇಂಟರ್‌ನೆಟ್‌ನಲ್ಲಿ ಹರಾಜಾದವು. 2022ರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕರಿಗೆ 3.5 ಕೋಟಿ ಡಾಲರ್ ದಂಡ ಕಟ್ಟಬೇಕಾಯಿತು.

ಅದಕ್ಕೇ ಹೇಳುವುದು, ತೂಕದ ಚೀಟಿ ಸಾಲದು, ಸೀರಿಯಲ್ ನಂಬರ್ ಪಟ್ಟಿ ಕೇಳಿ. ನೀವು ಕೊಟ್ಟ ಪಟ್ಟಿ, ಅವರು ವಾಪಸ್ ಕೊಟ್ಟ ಪಟ್ಟಿ ಎರಡನ್ನೂ ನೀವೇ ಕೂತು ತಾಳೆ ನೋಡಿ. ಬೇಸರದ ಕೆಲಸ, ಗೊತ್ತು. ಇ-ತ್ಯಾಜ್ಯವನ್ನು ಸರಿಯಾಗಿ ರೀಸೈಕಲ್ ಮಾಡುವವರಿಗೆ ಕೊಡುವ ಆರ್2 ಅಥವಾ ಇ-ಸ್ಟೀವರ್ಡ್ಸ್ ಪ್ರಮಾಣಪತ್ರ ಇದೆಯಾ ಕೇಳಿ. ಬೋರ್ಡು, ಬ್ಯಾಟರಿ, ಗಾಜು ಅವರಿಂದ ಮುಂದೆ ಯಾರ ಕೈಗೆ ಹೋಗುತ್ತವೆ ಅಂತಲೂ ಕೇಳಿ. ಆಗ ತಡವರಿಸಿದರೆ ಬೇರೆಯವರನ್ನು ಹುಡುಕಿ. ಸಾಮಾನು ಬೇರೆ ದೇಶಕ್ಕೆ ಹೋಗುವುದಾದರೆ ಅಪಾಯಕಾರಿ ತ್ಯಾಜ್ಯ ದೇಶದಿಂದ ದೇಶಕ್ಕೆ ಸಾಗುವುದನ್ನು ನಿಯಂತ್ರಿಸುವ ಬಾಸೆಲ್ ಒಪ್ಪಂದದ ತಿದ್ದುಪಡಿ ನೆನಪಿರಲಿ. 2025ರ ಜನವರಿ 1ರಿಂದ ಅಪಾಯಕಾರಿಯಲ್ಲದ ಇ-ತ್ಯಾಜ್ಯಕ್ಕೂ ಆ ದೇಶದ ಒಪ್ಪಿಗೆ ಮೊದಲೇ ಬೇಕು.

ವರದಿಯ ಪುಟದಲ್ಲಿ ಇಷ್ಟು ಬರೆಯಿರಿ: ನಮ್ಮ ಲ್ಯಾಪ್‌ಟಾಪ್ ಸರಾಸರಿ ಎಷ್ಟು ವರ್ಷ ಬಾಳಿತು, ಎಷ್ಟು ಮರುಬಳಕೆಗೆ ಹೋದವು, ಎಷ್ಟು ರೀಸೈಕಲ್ ಆದವು, ಎಷ್ಟಕ್ಕೆ ಲೆಕ್ಕ ಸಿಗಲಿಲ್ಲ. ಕೊನೆಯದನ್ನು ಬಾಸ್ ತೆಗೆಸಲು ನೋಡುತ್ತಾರೆ, ಬಿಡಬೇಡಿ. ಸ್ಕೋಪ್ 3 (ಕಂಪನಿ ಕೊಳ್ಳುವ, ಬಳಸುವ, ಎಸೆಯುವ ವಸ್ತುಗಳಿಂದ ಬೇರೆಡೆ ಆಗುವ ಕಾರ್ಬನ್) ಲೆಕ್ಕ ಹಾಕುವವರಿದ್ದರೆ ಹೇಳಿ, ಹೊಸದು ಕೊಂಡದ್ದೂ ಹಳೆಯದು ಎಸೆದದ್ದೂ ಅದರೊಳಗೇ ಬರುತ್ತವೆ.

ಪ್ರಶ್ನೆ: ಯಾರನ್ನೂ ನಂಬುವುದು ಬೇಡ ಅಂತ ನಾವೇ ಡಿಸ್ಕಿಗೆ ಡ್ರಿಲ್ ಹೊಡೆಯುತ್ತೇವೆ. ಸರಿ ತಾನೇ?

ಉತ್ತರ: ಡ್ರಿಲ್ ಹೊಡೆದರೆ ಮರುಬಳಕೆಯ ಮಾತು ಅಲ್ಲಿಗೇ ಮುಗಿಯಿತು. ಎಸ್‌ಎಸ್‌ಡಿ ಆದರೆ ತೂತು ಒಂದು ಚಿಪ್ಪಿಗೆ ಬಿದ್ದು ಪಕ್ಕದ್ದು ಡೇಟಾ ಸಮೇತ ಹಾಗೇ ಉಳಿಯಬಹುದು. ಅದರಲ್ಲಿ ಡೇಟಾ ಇರುವುದು ಕಾಂತದ ರೂಪದಲ್ಲಿ ಅಲ್ಲ, ಹಾಗಾಗಿ ಹಾರ್ಡ್ ಡಿಸ್ಕ್ ಅಳಿಸುವ ಅಯಸ್ಕಾಂತದ ಯಂತ್ರವೂ ಕೆಲಸಕ್ಕೆ ಬಾರದು. ಡಿಸ್ಕ್ ಪೂರ್ತಿ ಅಳಿಸಲು ತಯಾರಕರೇ ಕೊಡುವ ಸೆಕ್ಯೂರ್ ಇರೇಸ್ ಸೌಲಭ್ಯ ಬಳಸಿ, ಅಳಿಸಿದ್ದಕ್ಕೆ ರಿಪೋರ್ಟ್ ಇಟ್ಟುಕೊಳ್ಳಿ. ಡ್ರಿಲ್ ಹಿಡಿಯಲೇಬೇಕೆಂದರೆ ಮೊದಲು ಬ್ಯಾಟರಿ ತೆಗೆದಿಡಿ. ಲಿಥಿಯಂ ಬ್ಯಾಟರಿಗೆ ತೂತು ಬಿದ್ದರೆ ಹೊತ್ತಿಕೊಳ್ಳಬಹುದು.