‘ಹನಿ, ಐ ಶ್ರಂಕ್ ದ ಕಿಡ್ಸ್’ ಮಕ್ಕಳಂತೆ ಆರು ಮಿಲಿಮೀಟರಿಗೆ ಕುಗ್ಗಿದರೆ ನಿಜಕ್ಕೂ ಏನಾಗುತ್ತದೆ?

ನೀವು ಕೇಳಿರುವುದು 1989ರ ಡಿಸ್ನಿ ಚಿತ್ರದ ಬಗ್ಗೆ. ವಿಜ್ಞಾನಿ ವೇಯ್ನ್ ಜಲಿನ್‌ಸ್ಕಿಯ ಯಂತ್ರದ ಕಿರಣ ಬಿದ್ದು ನಾಲ್ವರು ಮಕ್ಕಳು ಕಾಲು ಇಂಚಿಗೆ ಕುಗ್ಗುತ್ತಾರೆ, ಕಸದ ಜೊತೆ ಹಿತ್ತಲಿನ ತುದಿಗೆ ಹೋಗಿ ಬೀಳುತ್ತಾರೆ, ಹುಲ್ಲಿನ ನಡುವೆ ನಡೆದು ಮನೆ ಸೇರಬೇಕು. ಇದರಲ್ಲಿ ಎಷ್ಟು ಸಾಧ್ಯ ಎಂದು ಲೆಕ್ಕ ಹಾಕುವ ಮೊದಲು, ಆ ಮಕ್ಕಳ ತೂಕ ಏನಾಯಿತು ಎಂದು ಕೇಳಬೇಕು. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

144 ಸೆಂ.ಮೀ. ಎತ್ತರ, 45 ಕೆ.ಜಿ. ತೂಕದ ಹುಡುಗ ಎಂದುಕೊಳ್ಳಿ. 6 ಮಿ.ಮೀ.ಗೆ ಇಳಿದರೆ ಎತ್ತರ 240 ಪಟ್ಟು ಕಡಿಮೆ, ಮೈಯ ಹೊರಮೈ 57,600 ಪಟ್ಟು ಕಡಿಮೆ, ಗಾತ್ರ ಸುಮಾರು 1.38 ಕೋಟಿ ಪಟ್ಟು ಕಡಿಮೆ. 20 ಮೀಟರಿನ ಹಿತ್ತಲು ಅವನಿಗೆ 4.8 ಕಿ.ಮೀ. ದಾರಿ.

ಪರಮಾಣುವಿನಲ್ಲಿ ಬಹುಪಾಲು ಖಾಲಿ ಜಾಗ, ಅದನ್ನು ಹಿಂಡಿದರೆ ಸಾಕು ಎಂಬುದು ವೇಯ್ನ್ ವಾದ. ಹಾಗೆ ಮಾಡಿದರೆ ತೂಕ ಎಲ್ಲೂ ಹೋಗುವುದಿಲ್ಲ. 45 ಕೆ.ಜಿ. ಪೂರ್ತಿ ಅರ್ಧ ಚದರ ಮಿ.ಮೀ. ಅಂಗಾಲಿನ ಮೇಲೆ ಬೀಳುತ್ತದೆ. ಸಾಮಾನ್ಯ ಕಾಂಕ್ರೀಟು ತಾಳುವ ಒತ್ತಡಕ್ಕಿಂತ ಅದು 20 ಪಟ್ಟು ಹೆಚ್ಚು, ಹುಡುಗ ಹುಲ್ಲುನೆಲದಲ್ಲಿ ನೇರ ಕೆಳಗಿಳಿದುಬಿಡುತ್ತಾನೆ. ಚಿತ್ರದಲ್ಲಿ ಮಕ್ಕಳು ಮಾಡುವ ಇರುವೆ ಸವಾರಿಯ ಮಾತೇ ಇಲ್ಲ. ಚಿತ್ರದ ದೊಡ್ಡ ತಪ್ಪು ಇದೇ.

ತೂಕವೂ ಗಾತ್ರದಷ್ಟೇ ಇಳಿಯಿತು ಎಂದು ಒಪ್ಪಿಕೊಂಡರೆ ಹುಡುಗ 3.3 ಮಿಲಿಗ್ರಾಂ. ಆಗ ಕಥೆಯ ಎಷ್ಟೋ ಭಾಗ ಸರಿಹೋಗುತ್ತದೆ. ಸ್ನಾಯುವಿನ ಬಲ ಅದರ ದಪ್ಪವನ್ನು ಅವಲಂಬಿಸುವುದರಿಂದ, ತನ್ನ ತೂಕಕ್ಕೆ ಹೋಲಿಸಿದರೆ ಅವನು ಮೊದಲಿಗಿಂತ 240 ಪಟ್ಟು ಬಲಶಾಲಿ. ಎಷ್ಟೇ ಮೇಲಿಂದ ಬಿದ್ದರೂ ವೇಗ ಸೆಕೆಂಡಿಗೆ ಮೂರು–ನಾಲ್ಕು ಮೀಟರ್ ದಾಟುವುದಿಲ್ಲ, ಪೆಟ್ಟಾಗುವುದಿಲ್ಲ. ಜೇನುನೊಣ 30–40 ಮಿಲಿಗ್ರಾಂ ಮಕರಂದ ಹೊತ್ತು ಹಾರುತ್ತದೆ, ಚಿತ್ರದಲ್ಲಿ ಅದರ ಬೆನ್ನೇರಿ ಹಾರುವ ಇಬ್ಬರು ಹುಡುಗರು ಸೇರಿ ಏಳು ಮಿಲಿಗ್ರಾಮೂ ಆಗುವುದಿಲ್ಲ. ಹಾಗಾಗಿ ನೋಡುವವರಿಗೆ ಅತಿ ಎನಿಸುವ ಜೇನುನೊಣದ ದೃಶ್ಯವೇ ಲೆಕ್ಕದಲ್ಲಿ ಗೆಲ್ಲುತ್ತದೆ!

ಕೊಲ್ಲುವುದು ನೀರು. ಸ್ನಾನ ಮಾಡಿ ಎದ್ದವರ ಮೈಮೇಲೆ ಸುಮಾರು ಅರ್ಧ ಮಿ.ಮೀ. ನೀರಿನ ಪದರ ಇರುತ್ತದೆ. ನಮಗದು ಅರ್ಧ ಕೆ.ಜಿ.ಗಿಂತ ತುಸು ಹೆಚ್ಚು, ಗಮನಕ್ಕೇ ಬರುವುದಿಲ್ಲ. ಆದರೆ ಆ ಪದರ ನಾವು ಕುಗ್ಗಿದೆವೆಂದು ತೆಳುವಾಗುವುದಿಲ್ಲ. ಈ ಹುಡುಗನ ಮೈಗೆ ಅಂಟುವ ನೀರು 12 ಮಿಲಿಗ್ರಾಂ, ಅಂದರೆ ಅವನ ತೂಕದ ಮೂರೂವರೆ ಪಟ್ಟಿಗೂ ಹೆಚ್ಚು. ಸ್ಪ್ರಿಂಕ್ಲರಿನ 3 ಮಿ.ಮೀ. ಹನಿಯೊಂದೇ 14 ಮಿಲಿಗ್ರಾಂ ತೂಗುತ್ತದೆ. ಚಿತ್ರದಲ್ಲಿ ಹನಿಗಳು ಬಾಂಬಿನಂತೆ ಬಿದ್ದು ಒಡೆಯುತ್ತವೆ. ನಿಜದಲ್ಲಿ ಹನಿ ಅವನನ್ನು ಒಳಗೆಳೆದುಕೊಳ್ಳಬಹುದು, ನೀರಿನ ಮೇಲ್ಮೈ ಎಳೆತವನ್ನು ಮುರಿದು ಹೊರಬರುವುದು ಸುಲಭವಲ್ಲ. ಕೆಸರಿಗೆ ಬಿದ್ದ ವೇಯ್ನ್ ಮಗಳು ಏಮಿಯನ್ನು ಎಳೆದು ಬದುಕಿಸುವ ದೃಶ್ಯ ನನಗೆ ಇಷ್ಟ, ಆದರೆ ಅವಳು ಬದುಕುವ ಸಾಧ್ಯತೆ ತೀರಾ ಕಡಿಮೆ.

ಚಳಿಯೂ ಅಷ್ಟೇ. ತೂಕಕ್ಕೆ ಹೋಲಿಸಿದರೆ ಚರ್ಮ 240 ಪಟ್ಟು ಹೆಚ್ಚಾಗಿರುವುದರಿಂದ 20 ಡಿಗ್ರಿ ಗಾಳಿಯಲ್ಲಿ ಕೆಲವೇ ಸೆಕೆಂಡುಗಳಲ್ಲಿ ಮೈ ತಣ್ಣಗಾಗುತ್ತದೆ. ಚಿತ್ರದಲ್ಲಿರುವಂತೆ ಲೆಗೋ ಎಂಬ ಆಟಿಕೆಯ ಇಟ್ಟಿಗೆಯೊಳಗೆ ಮಲಗಿ ರಾತ್ರಿ ಕಳೆಯಲಾಗದು. ಕಣ್ಣೂ ಕೈಕೊಡುತ್ತದೆ: ಪಾಪೆ 0.02 ಮಿ.ಮೀ.ಗಿಂತ ಚಿಕ್ಕದಾದಾಗ ಬೆಳಕು ಹರಡಿಹೋಗಿ ಎಲ್ಲವೂ ಮಸುಕು.

ಕೂಗಿದರೂ ಅಪ್ಪನಿಗೆ ಕೇಳಿಸದು ಎಂಬುದನ್ನೂ ಚಿತ್ರ ಸರಿಯಾಗಿ ಹಿಡಿದಿದೆ. ಗಂಟಲೂ 240 ಪಟ್ಟು ಕುಗ್ಗುವುದರಿಂದ 250 ಹರ್ಟ್ಸ್ ದನಿ 60 ಕಿಲೋಹರ್ಟ್ಸ್‌ಗೆ ಏರುತ್ತದೆ, ನಮ್ಮ ಕಿವಿಯ ಮಿತಿ 20. ನಾಯಿ ಕ್ವಾರ್ಕ್‌ಗೆ ಕೇಳಿಸುವುದೂ ಅನುಮಾನ, ನಾಯಿಗಳ ಮಿತಿ ಸುಮಾರು 45. ಬೆಕ್ಕು ಸುಮಾರು 64ರವರೆಗೆ ಕೇಳಿಸಿಕೊಳ್ಳುತ್ತದೆ.