ಮಂತ್ರಕ್ಕೆ ತೆರಬೇಕಾದ ಬೆಲೆ ಎಲ್ಲಿ ಹೋಯಿತು?

ಪ್ರಶ್ನೆ: ಐದು ಸಂಪುಟಗಳ ಫ್ಯಾಂಟಸಿ ಸರಣಿಯೊಂದನ್ನು ಓದುತ್ತಿದ್ದೇನೆ. ಪ್ರತಿ ಮಂತ್ರಕ್ಕೂ ಮಾಂತ್ರಿಕರ ಆಯುಷ್ಯದಲ್ಲಿ ಒಂದಿಷ್ಟು ಕಳೆದುಹೋಗುತ್ತದೆ ಎಂದು ಮೊದಲ ಸಂಪುಟದಲ್ಲಿ ಹೇಳಲಾಗಿತ್ತು. ನಾಲ್ಕನೆಯದರಲ್ಲಿ ನಾಯಕಿ ಒಂದೇ ರಾತ್ರಿಯಲ್ಲಿ ಇಡೀ ಕೋಟೆಯನ್ನು ಮಂತ್ರದಿಂದ ಎಬ್ಬಿಸುತ್ತಾಳೆ, ಅವಳ ಒಂದು ಕೂದಲೂ ನರೆಯುವುದಿಲ್ಲ. ಮಾಯಾಲೋಕದಲ್ಲಿ ತರ್ಕ ಹುಡುಕುತ್ತೀಯಲ್ಲ ಎಂದು ಗೆಳೆಯರು ನಗುತ್ತಾರೆ. ತಪ್ಪು ನನ್ನದೇ?

ಉತ್ತರ: ನಿಮ್ಮದಲ್ಲ. ಮಂತ್ರದಿಂದ ಕೋಟೆ ಏಳುತ್ತದೆ ಎಂಬುದನ್ನು ನೀವು ಮರುಮಾತಿಲ್ಲದೆ ಒಪ್ಪಿಕೊಂಡಿದ್ದೀರಿ. ನಿಮ್ಮ ತಕರಾರಿರುವುದು ಲೇಖಕರು ತಾವೇ ಕೊಟ್ಟ ಮಾತಿಗೆ ತಪ್ಪಿದ್ದರ ಬಗ್ಗೆ. ಇಂಗ್ಲಿಷ್ ಫ್ಯಾಂಟಸಿ ಲೇಖಕ ಟೋಲ್ಕಿನ್ 1939ರಲ್ಲಿ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಉಪನ್ಯಾಸವನ್ನು ಮುಂದೆ ಪ್ರಬಂಧವಾಗಿ ಬೆಳೆಸಿದಾಗ ಇದನ್ನೇ ಚರ್ಚಿಸಿದರು. ಹಸಿರು ಸೂರ್ಯ ಎಂದು ಯಾರು ಬೇಕಾದರೂ ಹೇಳಬಹುದು, ಆದರೆ ಅಂಥ ಸೂರ್ಯನನ್ನು ನಂಬುವಂತೆ ಮಾಡುವ ಲೋಕವೊಂದನ್ನು ಕಟ್ಟುವುದಕ್ಕೆ ಶ್ರಮವೂ ಅಪರೂಪದ ಕೌಶಲವೂ ಬೇಕು ಎಂಬುದು ಅವರ ವಾದದ ತಿರುಳು.

ಮಂತ್ರ ಹೇಗೆ ಕೆಲಸ ಮಾಡುತ್ತದೆಂದು ವಿವರಿಸದಿದ್ದರೆ ಅದು ದೋಷವಲ್ಲ. ಅನೇಕ ಒಳ್ಳೆಯ ಕಥೆಗಳು ಅದನ್ನು ನಿಗೂಢವಾಗಿಯೇ ಬಿಡುತ್ತವೆ. ಆದರೆ ಬೆಲೆಯನ್ನು ಒಮ್ಮೆ ಹೇಳಿದ ಮೇಲೆ ಅದನ್ನು ವಸೂಲು ಮಾಡಲೇಬೇಕು, ಏಕೆಂದರೆ ಓದುಗರ ಆತಂಕವೆಲ್ಲ ನಿಂತಿರುವುದು ಅದರ ಮೇಲೆ. ಮಹಾಭಾರತದಲ್ಲಿ ಕರ್ಣ ಕವಚಕುಂಡಲಗಳನ್ನು ಕಿತ್ತುಕೊಟ್ಟು ಇಂದ್ರನಿಂದ ಪಡೆದ ಶಕ್ತ್ಯಾಯುಧವನ್ನು ಒಮ್ಮೆ ಮಾತ್ರ ಪ್ರಯೋಗಿಸಬಹುದಿತ್ತು. ಅದನ್ನು ಅರ್ಜುನನಿಗೆಂದು ಕಾಪಾಡಿಕೊಂಡಿದ್ದವನು ರಾತ್ರಿಯುದ್ಧದಲ್ಲಿ ಕೌರವಸೇನೆಯ ಗೋಳನ್ನು ನೋಡಲಾರದೆ ಘಟೋತ್ಕಚನ ಮೇಲೆ ಎಸೆಯುತ್ತಾನೆ. ಆ ಗಳಿಗೆಯಲ್ಲಿ ಪಾಂಡವರ ಪಾಳೆಯದಲ್ಲಿ ಎಲ್ಲರೂ ಅಳುತ್ತಿದ್ದರೆ ಕೃಷ್ಣನೊಬ್ಬ ಸಂತೋಷಪಡುವುದು ಈ ಒಂದು ನಿಯಮದಿಂದಾಗಿ. ಮೂರು ದಿನ ಬಿಟ್ಟು ಅದೇ ಆಯುಧ ಕರ್ಣನ ಕೈಗೆ ಮರಳಿ ಬಂದಿದ್ದರೆ ಘಟೋತ್ಕಚನ ಸಾವಿಗೂ ಅರ್ಥವಿರುತ್ತಿರಲಿಲ್ಲ, ಕರ್ಣನ ಸಾವಿಗೂ ಇರುತ್ತಿರಲಿಲ್ಲ.

ಸರಣಿಗಳಿಗೆ ಇನ್ನೊಂದು ಕಷ್ಟವಿದೆ. ಒಂದು ಸಂಪುಟದೊಳಗೆ ಅಚ್ಚುಕಟ್ಟಾಗಿರುವ ನಿಯಮವೇ ಮುಂದಿನ ಸಂಪುಟಗಳಿಗೆ ಉರುಳಾಗಬಹುದು. ಹ್ಯಾರಿ ಪಾಟರ್ ಸರಣಿಯ ಮೂರನೆಯ ಪುಸ್ತಕದಲ್ಲಿ, ಅಂದರೆ 1999ರಲ್ಲಿ, ಕಾಲದಲ್ಲಿ ಹಿಂದಕ್ಕೆ ಹೋಗುವ ಸಾಧನವೊಂದು ಬರುತ್ತದೆ. ಆ ಪುಸ್ತಕದಲ್ಲಿ ಅದರ ಬಳಕೆ ಎಷ್ಟು ಬಿಗಿಯಾಗಿದೆಯೆಂದರೆ, ಮೊದಲ ಸಲ ಓದುವಾಗ ವಿಚಿತ್ರವೆನಿಸಿದ ಸಂಗತಿಗಳಿಗೆಲ್ಲ ಕೊನೆಯಲ್ಲಿ ಕಾರಣ ಸಿಗುತ್ತದೆ. ಆದರೆ ಮುಂದಿನ ಪುಸ್ತಕದಲ್ಲಿ ಒಬ್ಬ ಹುಡುಗ ಸತ್ತ ಕೂಡಲೇ, ಅದನ್ನು ಈಗೇಕೆ ಬಳಸುವುದಿಲ್ಲ ಎಂಬ ಪ್ರಶ್ನೆ ಏಳುತ್ತದೆ. 2003ರ ಐದನೆಯ ಪುಸ್ತಕದ ಕಾಳಗದಲ್ಲಿ ಮಾಂತ್ರಿಕರ ಸಚಿವಾಲಯದಲ್ಲಿದ್ದ ಅಂಥ ಸಾಧನಗಳೆಲ್ಲ ಪುಡಿಯಾಗುತ್ತವೆ. ಬಾಗಿಲು ಮುಚ್ಚಿತೇನೋ ನಿಜ, ಆದರೆ ಮುಚ್ಚಿದ ಕೈ ಪಾತ್ರಗಳದ್ದಲ್ಲ, ಲೇಖಕಿಯದ್ದು ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಇದಕ್ಕಿಂತ ಜಾಣತನದ ರಿಪೇರಿಯನ್ನು ಟೋಲ್ಕಿನ್ ಅವರೇ ಮಾಡಿದ್ದಾರೆ. 1937ರ 'ದಿ ಹಾಬಿಟ್'ನಲ್ಲಿ ಗುಹೆಯಲ್ಲಿ ಅಡಗಿರುವ ಗೊಲ್ಲಮ್, ಕಥಾನಾಯಕ ಬಿಲ್ಬೋ ಜೊತೆಗಿನ ಒಗಟಿನ ಪಂದ್ಯಕ್ಕೆ ತನ್ನ ಉಂಗುರವನ್ನೇ ಬಹುಮಾನವಾಗಿ ಒಡ್ಡುತ್ತಾನೆ. ಸೋತ ಮೇಲೆ ಅದು ಸಿಗದೆ ಕ್ಷಮೆ ಕೇಳಿ, ಬಿಲ್ಬೋಗೆ ಹೊರದಾರಿ ತೋರಿಸುತ್ತಾನೆ. ಮುಂದಿನ ಕೃತಿ 'ದಿ ಲಾರ್ಡ್ ಆಫ್ ದಿ ರಿಂಗ್ಸ್'ನಲ್ಲಿ ಆ ಉಂಗುರ ಧರಿಸಿದವರ ಮನಸ್ಸನ್ನೇ ಹಿಡಿದುಕೊಳ್ಳುವ ವಸ್ತುವಾದಾಗ ಈ ಔದಾರ್ಯ ಹೊಂದಿಕೆಯಾಗಲಿಲ್ಲ. ಅವರು 1951ರ ಆವೃತ್ತಿಯಲ್ಲಿ ಆ ಅಧ್ಯಾಯವನ್ನು ಬದಲಾಯಿಸಿದರು. ಅಷ್ಟಕ್ಕೇ ನಿಲ್ಲದೆ, ಹಳೆಯ ಆವೃತ್ತಿಯಲ್ಲಿದ್ದದ್ದು ಬಿಲ್ಬೋ ಹೇಳಿದ ಸುಳ್ಳು ಎಂದು ಕಥೆಯೊಳಗೇ ಸೇರಿಸಿದರು. ಪ್ರಾಮಾಣಿಕನಾದವನೂ ಉಂಗುರ ಕೈಸೇರಿದ ಕೂಡಲೇ ಸುಳ್ಳಾಡಿದ ಎಂಬುದು ಉಂಗುರದ ಕೇಡಿಗೇ ಸಾಕ್ಷಿಯಾಯಿತು.

ನಿಮ್ಮ ಸರಣಿಯ ನಾಲ್ಕನೆಯ ಸಂಪುಟವನ್ನು ಇನ್ನೊಮ್ಮೆ ತೆರೆದು, ಆ ಕೋಟೆ ಎದ್ದ ರಾತ್ರಿಯ ಮರುದಿನ ಯಾವುದಾದರೂ ಪಾತ್ರ ಬೆರಗಾಗಿದೆಯೇ, ಇವಳಿಗೇನೂ ಆಗಲಿಲ್ಲವಲ್ಲ ಎಂದು ಒಬ್ಬರಾದರೂ ಶಂಕಿಸಿದ್ದಾರೆಯೇ, ಅಥವಾ ಬೇರೆ ಯಾರಾದರೂ ಕಾರಣವಿಲ್ಲದೆ ಮುಪ್ಪಾಗಿದ್ದಾರೆಯೇ ಎಂದು ನೋಡಿ. ಅಂಥ ಸುಳಿವಿದ್ದರೆ ಲೇಖಕರು ಬಾಕಿಯನ್ನು ಐದನೆಯ ಸಂಪುಟಕ್ಕೆ ಮುಂದೂಡಿದ್ದಾರೆ ಎಂದುಕೊಳ್ಳಬಹುದು. ಯಾರೊಬ್ಬರೂ ಗಮನಿಸಿಲ್ಲವಾದರೆ ಲೇಖಕರೇ ಮರೆತಿದ್ದಾರೆ.

ಪ್ರಶ್ನೆ: ನಾನೂ ಇಂಥದೊಂದು ಕಾದಂಬರಿಯನ್ನು ಧಾರಾವಾಹಿಯಾಗಿ ಬರೆಯುತ್ತಿದ್ದೇನೆ. ನಿಯಮಗಳನ್ನು ಎಷ್ಟರಮಟ್ಟಿಗೆ ವಿವರಿಸಬೇಕು?

ಉತ್ತರ: ಅಮೆರಿಕದ ಫ್ಯಾಂಟಸಿ ಲೇಖಕ ಬ್ರ್ಯಾಂಡನ್ ಸ್ಯಾಂಡರ್ಸನ್ 2007ರಲ್ಲಿ ಮುಂದಿಟ್ಟ ಸೂತ್ರವೊಂದಿದೆ: ಮಂತ್ರದಿಂದ ಸಂಕಟ ಪರಿಹರಿಸುವ ಲೇಖಕರ ಸಾಮರ್ಥ್ಯ, ಓದುಗರಿಗೆ ಆ ಮಂತ್ರ ಎಷ್ಟು ಅರ್ಥವಾಗಿದೆ ಎಂಬುದನ್ನು ಅವಲಂಬಿಸಿರುತ್ತದೆ. ಹಾಗಾಗಿ ಕೊನೆಯ ಕಾಳಗವನ್ನು ಗೆಲ್ಲಿಸುವ ಮಂತ್ರವನ್ನು ಮೊದಲೇ ತಿಳಿಸಿ. ಸಂಕಟವನ್ನು ಹೆಚ್ಚಿಸುವ ಮಂತ್ರಕ್ಕೆ ಅಷ್ಟು ವಿವರಣೆ ಬೇಡ. ಪ್ರತಿ ಕಂತು ಮುಗಿದಾಗ ಯಾರು ಯಾವ ಮಂತ್ರ ಬಳಸಿದರು, ಏನು ತೆತ್ತರು, ಅದನ್ನು ಯಾರು ಕಣ್ಣಾರೆ ಕಂಡರು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಮೂರನೆಯದನ್ನು ಬರೆಯಲು ಬಹಳ ಮಂದಿ ಮರೆಯುತ್ತಾರೆ, ಆದರೆ ಮುಂದೆ ನಿಯಮ ತಪ್ಪಿದ್ದು ಗೊತ್ತಾದಾಗ, ನೋಡಿದವರ ತಿಳಿವಳಿಕೆಯೇ ತಪ್ಪಾಗಿತ್ತು ಎಂದು ಸರಿಪಡಿಸಲು ಆಗುತ್ತದೆಯೇ ಇಲ್ಲವೇ ಎಂಬುದು ಅದರಿಂದಲೇ ತಿಳಿಯುತ್ತದೆ.